ಇನ್ನೂರು ಅಕ್ಷರದ ಷರಾ

ಬಸವಕಲ್ಯಾಣದ ತಾಲೂಕು ಪಶು ಕಚೇರಿಗೆ ಕಂಪ್ಯೂಟರ್ ಬಂದದ್ದು ೨೦೦೬ರ ಬೇಸಿಗೆಯಲ್ಲಿ. ಬಂದ ದಿನ ತೆಂಗಿನಕಾಯಿ ಒಡೆದವರು, ಪರದೆಯ ಮೂಲೆಗೆ ಕುಂಕುಮ ಹಚ್ಚಿದವರು, ಹಳೆಯ ಕಿಟಕಿ ಪರದೆಯನ್ನು ಕತ್ತರಿಸಿ ಅದಕ್ಕೊಂದು ಗವಸು ಹೊಲಿಸಿದವರು ಎಲ್ಲ ಬಕ್ಕಪ್ಪನವರೇ. ಅವರು ಆ ಕಚೇರಿಯ ಗುಮಾಸ್ತರು. ಇಪ್ಪತ್ತೆಂಟು ವರ್ಷದ ನೌಕರಿಯಲ್ಲಿ ಒಂದು ಕಾಗದ ಕಳೆದವರಲ್ಲ, ಒಂದು ನಿಯಮ ಮುರಿದವರಲ್ಲ. ಹಾಗೆಂದು ಅವರೇ ದಿನಕ್ಕೆರಡು ಸಲ ಹೇಳುತ್ತಿದ್ದರು, ಕೇಳುವವರು ಇರಲಿ ಬಿಡಲಿ.

ಕಂಪ್ಯೂಟರ್ ಜೊತೆಗೆ ಜಿಲ್ಲಾ ಕಚೇರಿಯಿಂದ ಒಂದು ಸುತ್ತೋಲೆಯೂ ಬಂದಿತ್ತು. ಯಂತ್ರದೊಳಗೆ ಹೊರಗಿನ ಯಾವ ವಸ್ತುವನ್ನೂ ತೂರಿಸತಕ್ಕದ್ದಲ್ಲ ಎಂದು ಅದರಲ್ಲಿತ್ತು. ಬಕ್ಕಪ್ಪನವರು ಪೆನ್ ಡ್ರೈವ್ ಸಿಕ್ಕಿಸುವ ಕಿಂಡಿಗಳಿಗೆಲ್ಲ ಅರಗು ಕರಗಿಸಿ ಸುರಿದು, ಮೇಲೆ ಕಚೇರಿಯ ಮೊಹರು ಒತ್ತಿದರು. ಚಪ್ಪಲಿ ಹೊರಗೆ ಬಿಟ್ಟು ಬರಬೇಕು ಎನ್ನುವುದು ಮಾತ್ರ ಸುತ್ತೋಲೆಯಲ್ಲಿ ಇರಲಿಲ್ಲ, ಅದು ಅವರ ಸ್ವಂತದ್ದು.

ಇಷ್ಟೆಲ್ಲ ಕಾವಲಿನ ಆ ಯಂತ್ರದಲ್ಲಿ ತೆರೆಯುತ್ತಿದ್ದದ್ದು ಒಂದೇ ಒಂದು ಪುಟ. ಅದರ ಹೆಸರು ‘ಪಶುವರದಿ’. ಬೇರೆ ಏನನ್ನು ತೆರೆಯಹೋದರೂ ಕೆಂಪು ಅಕ್ಷರದಲ್ಲಿ ‘ನಿಮಗೆ ಅನುಮತಿ ಇಲ್ಲ’ ಎಂದು ಬರುತ್ತಿತ್ತು. ತಾಲೂಕಿನ ಯಾರೋ ವೈದ್ಯರು ಒಮ್ಮೆ ತಮ್ಮ ಇ-ಮೇಲ್ ನೋಡಲು ಹೋಗಿ, ಹತ್ತೇ ನಿಮಿಷದಲ್ಲಿ ಜಿಲ್ಲೆಯಿಂದ ಫೋನು ಬಂದು, ಆಮೇಲೆ ಬಕ್ಕಪ್ಪನವರು ಟೈಪ್ ಮಾಡುವವರ ಬೆನ್ನ ಹಿಂದೆ ನಿಲ್ಲುವುದನ್ನು ರೂಢಿ ಮಾಡಿಕೊಂಡರು.

ಹಳ್ಳಿಯ ದನದ ದವಾಖಾನೆಗಳ ವೈದ್ಯರು ಪ್ರತಿ ಶನಿವಾರ ಬಂದು ವಾರದ ವರದಿ ತುಂಬಬೇಕಿತ್ತು. ಎಷ್ಟು ದನ, ಎಷ್ಟು ಕುರಿ, ಯಾವ ರೋಗ, ಎಷ್ಟು ಲಸಿಕೆ. ಕೊನೆಗೆ ಟಿಪ್ಪಣಿಗೆಂದು ‘ಷರಾ’ ಎಂಬ ಒಂದು ಮನೆ. ಅದನ್ನು ಖಾಲಿ ಬಿಟ್ಟರೆ ವರದಿ ಹೋಗುತ್ತಿರಲಿಲ್ಲ. ಅದಕ್ಕೆ ಎಲ್ಲರೂ ಕಣ್ಣು ಮುಚ್ಚಿ ‘ನಿರಂಕ’, ಅಂದರೆ ಏನೂ ಇಲ್ಲ, ಎಂದು ಬರೆದು ಕೈ ತೊಳೆದುಕೊಳ್ಳುತ್ತಿದ್ದರು.

ಕೊಹಿನೂರದ ದವಾಖಾನೆಯ ವೈದ್ಯೆ ಶೀತಲ್ ಕೂಡ ಮೂರು ಶನಿವಾರ ಹಾಗೆಯೇ ಬರೆದಳು. ಇಪ್ಪತ್ತೊಂಬತ್ತರ ಹುಡುಗಿ. ಬಸವಕಲ್ಯಾಣದ ಪೇಟೆಯಲ್ಲಿ ಅವಳ ಅಪ್ಪ ಸಂಜೀವಕುಮಾರರ ಬಟ್ಟೆ ಅಂಗಡಿ. ಮಗಳು ಡಾಕ್ಟರ್ ಆದಳು ಎಂದು ಊರಿಗೆಲ್ಲ ಹೇಳಿ, ಯಾರ ಡಾಕ್ಟರ್ ಎಂದು ಕೇಳಿದರೆ ಮಾತು ತೇಲಿಸಿಬಿಡುವ ಮನುಷ್ಯ. ಶೀತಲ್ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಕೊಹಿನೂರಕ್ಕೆ ಹೋಗಿ ನಾಲ್ಕರ ಹೊತ್ತಿಗೆ ತಿರುಗಿ ಬರುತ್ತಿದ್ದಳು. ಕೆಲಸದಲ್ಲಿ ಅವಳಿಗೆ ಬೇಸರವಿರಲಿಲ್ಲ. ಇದ್ದದ್ದು ಒಂದು ನೋವು, ಅದು ಹಿಂದಿನ ವರ್ಷದ್ದು.

ಹಿಂದಿನ ವರ್ಷ ಮಳೆ ಮುಗಿಯುವ ಹೊತ್ತಿಗೆ ಭೀಮಶಾ ಎಂಬ ಕುರಿಗಾರನ ಹಿಂಡಿಗೆ ಕಾಯಿಲೆ ಬಿದ್ದಿತ್ತು. ಮೂಗಿನಲ್ಲಿ ಸಿಂಬಳ, ಕೆಮ್ಮು, ಜ್ವರ. ಶೀತಲ್ ಆಗ ಕೆಲಸಕ್ಕೆ ಸೇರಿ ನಾಲ್ಕು ತಿಂಗಳು. ನ್ಯುಮೋನಿಯಾ ಎಂದುಕೊಂಡಳು, ಅದಕ್ಕೇ ಔಷಧ ಕೊಟ್ಟಳು. ಕುರಿಗಳು ಸಾಯುತ್ತಲೇ ಹೋದವು. ಕೇಳೋಣವೆಂದರೆ ಸುತ್ತ ಹತ್ತು ಮೈಲಿಗೆ ಇನ್ನೊಬ್ಬ ವೈದ್ಯರಿಲ್ಲ. ಮೊಬೈಲ್ ಸಿಗ್ನಲ್ಲಿಗೆ ದವಾಖಾನೆಯ ನೀರಿನ ಟಾಕಿ ಹತ್ತಬೇಕು, ಹತ್ತಿದರೂ ಯಾರಿಗೆಂದು ಮಾಡುವುದು? ತೊಂಬತ್ತು ಕುರಿ ಸತ್ತವು. ಇಪ್ಪತ್ತಾರು ದಿನದ ಮೇಲೆ ಅಂಚೆಯಲ್ಲಿ ಬಂದ ಸುತ್ತೋಲೆ ಓದಿದಾಗ ಅವಳಿಗೆ ತಿಳಿಯಿತು: ಅದು ಹಿರೇಬೇನೆ, ಹಿಂಡಿನಿಂದ ಹಿಂಡಿಗೆ ಹರಡುವ ಕುರಿಗಳ ಸಾಂಕ್ರಾಮಿಕ. ಗಡಿಯ ಕಡೆಯ ಇನ್ನೊಬ್ಬ ವೈದ್ಯರು ಅದನ್ನು ಒಂದು ತಿಂಗಳ ಮೊದಲೇ ಗುರುತು ಹಿಡಿದು ವರದಿ ಬರೆದಿದ್ದರು. ಆ ವರದಿ ಜಿಲ್ಲೆಗೆ ಹೋಗಿ, ಸಹಿಯಾಗಿ, ಸುತ್ತೋಲೆಯಾಗಿ ಬರುವಷ್ಟರಲ್ಲಿ ಭೀಮಶಾನ ಹಟ್ಟಿಯಲ್ಲಿ ಅಳುವವರು ಅತ್ತು ಮುಗಿಸಿದ್ದರು. ಆತ ಅವಳನ್ನು ಒಂದು ಮಾತು ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅವಳ ಎದೆಯಲ್ಲಿ ಉಳಿಯಿತು. ಇನ್ನೊಮ್ಮೆ ಹೀಗೆ ಸಾಯುವ ಹಿಂಡಿನ ಮುಂದೆ ಒಬ್ಬಳೇ ನಿಂತು ಊಹೆ ಮಾಡುವ ಗತಿ ಬರಬಾರದು ಎಂದು ಆಣೆ ಮಾಡಿಕೊಂಡಿದ್ದಳು.

ನಾಲ್ಕನೆಯ ಶನಿವಾರ ವರದಿ ತುಂಬುವಾಗ ಪುಟದ ತಳದಲ್ಲಿ ಸಣ್ಣದೊಂದು ಗುಂಡಿ ಕಂಡಿತು. ‘ಇತರ ಸಂಸ್ಥೆಗಳ ವರದಿ ವೀಕ್ಷಿಸಿ.’ ಒತ್ತಿದಳು. ಬಸವಕಲ್ಯಾಣ, ಹುಮನಾಬಾದ್, ಜಿಲ್ಲೆಯ ಎಲ್ಲ ದವಾಖಾನೆಗಳ ವರದಿಯೂ ಸಾಲಾಗಿ ಬಂದು ನಿಂತಿತು. ಪ್ರತಿ ಸಾಲಿನ ತುದಿಗೂ ನಿರಂಕ, ನಿರಂಕ, ನಿರಂಕ. ನಾನು ಇವರದನ್ನು ನೋಡಬಹುದಾದರೆ ಇವರೂ ನನ್ನದನ್ನು ನೋಡಬಹುದು ಎಂದು ಶೀತಲ್‌ಗೆ ಹೊಳೆಯಿತು. ತನ್ನ ಷರಾದಲ್ಲಿದ್ದ ನಿರಂಕವನ್ನು ಅಳಿಸಿ ಬರೆದಳು: ‘ಮೂರು ಹಿಂಡಿನಲ್ಲಿ ಎಳೆಮರಿಗಳು ಹಿಂಗಾಲು ಎಳೆಯುತ್ತಿವೆ. ಜ್ವರವಿಲ್ಲ, ಹಾಲು ಕುಡಿಯುತ್ತವೆ. ಬೇರೆ ಕಡೆ ಕಂಡಿದೆಯೇ? ತಿಳಿದವರು ತಮ್ಮ ಷರಾದಲ್ಲಿ ಬರೆಯಿರಿ.’

ಹಿಂದೆ ನಿಂತಿದ್ದ ಬಕ್ಕಪ್ಪನವರ ಹುಬ್ಬು ಮೇಲೇರಿತು.

“ಮೇಡಂ, ಇದೇನ್ರಿ ಬರ್ಯಾಕತ್ತೀರಿ?”

“ಷರಾರಿ.”

“ಷರಾ ಅಂದ್ರ ನಿರಂಕ ಅಲ್ರಿ?”

“ಹಂಗಂತ ಯಾವ ನಿಯಮದಾಗ ಅದರಿ?”

ಬಕ್ಕಪ್ಪನವರು ನಿಯಮದ ಪುಸ್ತಕ ತಂದು ಕನ್ನಡಕ ಏರಿಸಿ ಹುಡುಕಿದರು. ಎಲ್ಲಿಯೂ ಇರಲಿಲ್ಲ. ನಿಯಮದಲ್ಲಿ ಇಲ್ಲದ್ದನ್ನು ಬೇಡ ಎನ್ನುವ ಮನುಷ್ಯ ಅವರಲ್ಲ.

ಮುಂದಿನ ಶನಿವಾರ ಉತ್ತರವಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಮೂರನೆಯ ವಾರ ಹುಮನಾಬಾದ್ ಕಡೆಯ ಒಂದು ದವಾಖಾನೆಯ ಸಾಲಿನಲ್ಲಿ ನಿರಂಕದ ಜಾಗಕ್ಕೆ ಇಷ್ಟು ಬಂದಿತ್ತು: ‘ಕೊಹಿನೂರ ಡಾಕ್ಟರಿಗೆ. ತಾಮ್ರದ ಕೊರತೆ. ಮರಿಗೆ ಕೊಟ್ಟು ಉಪಯೋಗವಿಲ್ಲ, ಗಬ್ಬದ ಕುರಿಗೆ ಕೊಡಿ. ನಾನು ೧೯೮೧ರಲ್ಲಿ ನೋಡಿದ್ದೆ. ಜಲಾಲುದ್ದೀನ್.’

ಶೀತಲ್ ಆ ಸಾಲನ್ನು ನಾಲ್ಕು ಸಲ ಓದಿದಳು. ನಗು ತಡೆಯಲಾಗಲಿಲ್ಲ. ಗೋಡೆಗೆ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದಳು, ಆ ಕಡೆಯಿಂದ ಮನುಷ್ಯರ ದನಿ ಬಂದಿತ್ತು. ಡಾಕ್ಟರ್ ಜಲಾಲುದ್ದೀನ್ ನಿವೃತ್ತಿಗೆ ಒಂದು ವರ್ಷ ಉಳಿದಿದ್ದ ಹಿರಿಯರು. ಆ ನಾಲ್ಕು ಮಾತು ಟೈಪ್ ಮಾಡಲು ಒಂದೇ ಬೆರಳಿನಲ್ಲಿ ಮುಕ್ಕಾಲು ಗಂಟೆ ಹಿಡಿದಿತ್ತೆಂದು ಆಮೇಲೆ ಅವರೇ ಹೇಳಿದರು.

ಒಬ್ಬರು ಬಾಯಿ ಬಿಟ್ಟ ಮೇಲೆ ಉಳಿದವರಿಗೂ ಧೈರ್ಯ ಬಂತು. ಹುಲಸೂರದ ಕಡೆಯಿಂದ ಒಬ್ಬರು, ಹುಮನಾಬಾದ್ ಕಡೆಯಿಂದ ಇಬ್ಬರು, ಶ್ರಾವಣ ಕಳೆಯುವಷ್ಟರಲ್ಲಿ ಹದಿನಾಲ್ಕು ಮಂದಿ ಷರಾದಲ್ಲಿ ಮಾತಿಗಿಳಿದಿದ್ದರು. ತೊಡಕು ಎರಡಿತ್ತು. ಷರಾದಲ್ಲಿ ಹಿಡಿಯುತ್ತಿದ್ದದ್ದು ಇನ್ನೂರೇ ಅಕ್ಷರ. ಬರೆಯಲು ಸಿಗುತ್ತಿದ್ದದ್ದು ಶನಿವಾರ ಮಾತ್ರ, ಕಾಯಿಲೆಗಳು ಶನಿವಾರಕ್ಕೆ ಕಾಯುವುದಿಲ್ಲ. ಈ ಸಲ ನಿಯಮದ ಪುಸ್ತಕ ತಿರುವಿದವಳು ಶೀತಲ್.

“ಬಕ್ಕಪ್ಪನೋರ, ಇವತ್ತೊಂದು ತಿದ್ದುಪಡಿ ವರದಿ ಹಾಕಬೇಕ್ರಿ.”

“ಇವತ್ತು ಮಂಗಳವಾರರಿ. ಶನಿವಾರ ಬಿಟ್ಟು ಬರಂಗಿಲ್ರಿ.”

“ನಿಯಮ ಹನ್ನೊಂದು ಓದ್ರಿ. ತಪ್ಪು ಕಂಡ ದಿನಾನೇ ತಿದ್ದಬೇಕು ಅಂತ ಬರದಾರ.”

ಬಕ್ಕಪ್ಪನವರು ಓದಿದರು. ಹಾಗೆಯೇ ಇತ್ತು. ಗವಸು ತೆಗೆದು ಯಂತ್ರ ಹಚ್ಚಿಕೊಟ್ಟರು. ಅಂದಿನಿಂದ ಶೀತಲ್‌ಗೆ ದಿನಾ ತಪ್ಪು ಕಾಣತೊಡಗಿತು. ಅಂಕಿಗಳು ಇದ್ದ ಹಾಗೇ ಇರುತ್ತಿದ್ದವು, ಬದಲಾಗುತ್ತಿದ್ದದ್ದು ಷರಾ ಒಂದೇ. ಇನ್ನೂರು ಅಕ್ಷರ ಸಾಲದಿದ್ದರೆ ಇನ್ನೊಂದು ತಿದ್ದುಪಡಿ, ಅದೂ ಸಾಲದಿದ್ದರೆ ಮತ್ತೊಂದು. ಅವಳನ್ನು ಕಂಡು ಉಳಿದವರೂ ಅದೇ ಹಿಡಿದರು. ಒಂದು ದಿನದ ತಿದ್ದುಪಡಿಗಳೆಲ್ಲ ಮರುದಿನ ಸಂಜೆಯವರೆಗೆ ಒಂದರ ಕೆಳಗೊಂದು ಪರದೆಯ ಮೇಲಿದ್ದು, ಆಮೇಲೆ ಕೊನೆಯದು ಮಾತ್ರ ಉಳಿಯುತ್ತಿತ್ತು. ಆದರೆ ಪ್ರತಿ ವರದಿಯನ್ನೂ ಮುದ್ರಿಸಿ ಕಡತದಲ್ಲಿ ಇಡತಕ್ಕದ್ದು ಎಂದು ನಿಯಮ ಹನ್ನೆರಡು ಹೇಳುತ್ತಿದ್ದದ್ದರಿಂದ ಬಕ್ಕಪ್ಪನವರು ತಾಲೂಕಿನದಷ್ಟೇ ಅಲ್ಲ, ಪರದೆಯ ಮೇಲೆ ಕಂಡ ಎಲ್ಲ ಸಾಲನ್ನೂ ಮುದ್ರಿಸಿ, ಪುಟಕ್ಕೆ ಅಂಕಿ ಹಾಕಿ, ದಾರ ಪೋಣಿಸಿ ಇಡುತ್ತಾ ಹೋದರು. ಕೆಲವು ದಿನ ಅವರು ಮುದ್ರಿಸಿದ್ದನ್ನು ನಿಂತು ಓದುವುದೂ ಇತ್ತು. ಕೇಳಿದರೆ ಅಕ್ಷರ ಸರಿ ಮೂಡಿದೆಯೋ ನೋಡುತ್ತಿದ್ದೇನೆ ಎನ್ನುತ್ತಿದ್ದರು.

ಅಕ್ಟೋಬರ್ ಮೊದಲ ವಾರ ಕೊಹಿನೂರದ ಕೆರೆಯ ಬಳಿ ಗಡಿಯಾಚೆಯಿಂದ ಬಂದ ಒಂದು ಹಿಂಡು ಇಳಿದಿತ್ತು. ಶೀತಲ್ ಆ ಹಿಂಡಿನ ಮೂರು ಕುರಿಗಳ ಬಾಯಿ ತೆರೆದು ನೋಡಿದಳು. ಒಸಡಿನಲ್ಲಿ ಹುಣ್ಣು, ಕಣ್ಣಿನಲ್ಲಿ ಪಿಸುರು. ಹೋದ ವರ್ಷದ್ದೇ ಬೇನೆ. ಅದಕ್ಕಿಂತ ಕೆಟ್ಟ ಸುದ್ದಿಯೆಂದರೆ ಭೀಮಶಾನ ಏಳುನೂರು ಕುರಿ ಎರಡು ದಿನದಿಂದ ಅದೇ ಕೆರೆಯಲ್ಲಿ ನೀರು ಕುಡಿದಿದ್ದವು, ಮತ್ತು ಆತ ಮರುದಿನ ಬೆಳಿಗ್ಗೆ ಹುಮನಾಬಾದ್ ಕಡೆಗೆ ಹೊರಡುವವನಿದ್ದ.

“ಒಂದು ಹದಿನೈದು ದಿನ ಇಲ್ಲೇ ನಿಲ್ಲು ಭೀಮಶಾ,” ಎಂದಳು ಶೀತಲ್.

“ಹ್ಯಾಂಗ ನಿಲ್ಲಲಿ ಡಾಕ್ಟರ್ ಬಾಯಿ? ಇಲ್ಲಿ ಮೇವು ಮುಗದದ. ಹನ್ನೊಂದು ಹೊಲದವರಿಗೆ ಮಾತು ಕೊಟ್ಟೀನಿ. ಜ್ವಾಳ ಬಿತ್ತೂ ಮೊದ್ಲ ಕುರಿ ಕೂಡಸ್ತೀನಿ ಅಂತ ಹೇಳೀನಿ.”

ಆ ಸೀಮೆಯ ಕುರಿಗಾರರ ರೂಢಿ ಅದು. ಬಿತ್ತನೆಗೆ ಮೊದಲು ಗೊಬ್ಬರಕ್ಕಾಗಿ ರೈತರು ಕುರಿಗಳನ್ನು ತಮ್ಮ ಹೊಲದಲ್ಲಿ ತಂಗಲು ಕರೆಯುತ್ತಾರೆ. ಯಾರ ಹೊಲ, ಎಷ್ಟು ದಿನ, ಅದರ ಮುಂದೆ ಯಾರದು, ಎಲ್ಲ ಬಾಯಿಮಾತಿನಲ್ಲೇ ನಿಕ್ಕಿಯಾಗುತ್ತದೆ. ಕೊಟ್ಟ ಮಾತು ತಪ್ಪಿದ ಕುರಿಗಾರನನ್ನು ಮರುವರ್ಷ ಯಾರೂ ಕರೆಯುವುದಿಲ್ಲ. ತಡೆಯಲು ಆಗುವುದಿಲ್ಲವೆಂದು ಗೊತ್ತಾದಾಗ ಶೀತಲ್‌ಗೆ ಬೇರೊಂದು ಹೊಳೆಯಿತು. ಆ ಹನ್ನೊಂದು ಹೊಲಗಳನ್ನು ಕ್ರಮವಾಗಿ ಹೇಳು ಎಂದಳು. ಭೀಮಶಾ ಕಣ್ಣು ಮುಚ್ಚಿ, ಊರು, ಒಡೆಯ, ದಿನ ಎಲ್ಲ ಬಿಡದೆ ಒಪ್ಪಿಸಿದ. ಅವಳು ಬರೆದುಕೊಂಡಳು. ಸಂಜೆಯವರೆಗೆ ಇದ್ದ ಲಸಿಕೆಯನ್ನೆಲ್ಲ ಆತನ ಹಿಂಡಿಗೆ ಹಾಕಿ, ಕೊನೆಯ ಬಸ್ಸಿಗೆ ಕಾಯದೆ ಟಂಟಂ ಆಟೋ ಹತ್ತಿ ಬಸವಕಲ್ಯಾಣಕ್ಕೆ ಬಂದಳು.

ಬಕ್ಕಪ್ಪನವರು ಬಾಗಿಲು ಹಾಕುವುದರಲ್ಲಿದ್ದರು. ಅವಳ ಮುಖ ನೋಡಿ ಮತ್ತೆ ಒಳಗೆ ಹೋಗಿ ಗವಸು ತೆಗೆದರು. ಅಂದು ಅವಳು ಏಳು ತಿದ್ದುಪಡಿ ಹಾಕಿದಳು. ಬೇನೆ ಏನು, ಹಿಂಡು ಯಾವುದು, ಯಾವ ದಿನ ಯಾವ ಹೊಲದಲ್ಲಿ ಇರುತ್ತದೆ. ದಾರಿಯ ವೈದ್ಯರು ಹಿಂಡು ಬರುವ ಮೊದಲೇ ಆಯಾ ಊರಿನ ಕುರಿಗಳಿಗೆ ಲಸಿಕೆ ಹಾಕಬೇಕು. ಭೀಮಶಾನ ಹಿಂಡಿನಲ್ಲಿ ಜ್ವರ ಬಂದವನ್ನು ಬೇರ್ಪಡಿಸಬೇಕು. ಮರುದಿನ ಉತ್ತರಗಳು ಬಂದವು. ನನ್ನ ಊರು ಮೂರನೆಯದು, ನಾಳೆ ಲಸಿಕೆ. ನನ್ನ ಹತ್ತಿರ ಲಸಿಕೆ ಇಲ್ಲ, ಯಾರಲ್ಲಿದೆ? ನನ್ನಲ್ಲಿ ಇನ್ನೂರಿದೆ, ಬಸ್ಸಿನಲ್ಲಿ ಮಂಜುಗಡ್ಡೆ ಹಾಕಿ ಕಳಿಸುತ್ತೇನೆ. ಒಂದು ವಾರ ಹೀಗೇ ನಡೆಯಿತು. ಆ ವಾರ ಶೀತಲ್ ಒಬ್ಬಳೇ ಹಾಕಿದ ತಿದ್ದುಪಡಿ ನಲವತ್ತೊಂದು.

ಎಂಟನೆಯ ದಿನ ಅವಳು ಬಂದು ಪುಟ ತೆರೆದರೆ ಷರಾದಲ್ಲಿ ಬರೆಯುವ ಜಾಗವೇ ಇರಲಿಲ್ಲ. ‘ಇದೆ’, ‘ಇಲ್ಲ’ ಎಂದು ಎರಡೇ ಪದ, ಯಾವುದಾದರೊಂದನ್ನು ಆರಿಸಬೇಕು. ಇತರ ಸಂಸ್ಥೆಗಳ ವರದಿ ನೋಡುವ ಗುಂಡಿಯೂ ಮಾಯವಾಗಿತ್ತು. ಬಕ್ಕಪ್ಪನವರು ತಲೆ ತಗ್ಗಿಸಿಕೊಂಡು ಒಂದು ಲಕೋಟೆ ಅವಳ ಮುಂದಿಟ್ಟರು. ಒಂದೇ ವಾರದಲ್ಲಿ ನಲವತ್ತೊಂದು ತಿದ್ದುಪಡಿ ಸಲ್ಲಿಸಿ ಅಂಕಿ ಅಂಶ ತಿರುಚಿದ ಬಗ್ಗೆ ಕಾರಣ ಕೇಳಿ ನೋಟೀಸು. ಹತ್ತು ದಿನದ ಮೇಲೆ ಹುಮನಾಬಾದಿನಲ್ಲಿ ಜಿಲ್ಲೆಯ ಉಪನಿರ್ದೇಶಕರಾದ ವೀರಭದ್ರ ಸಾಹೇಬರ ಮುಂದೆ ವಿಚಾರಣೆ.

ಸಾಹೇಬರಿಗೆ ಸಿಟ್ಟು ಬರಲು ಕಾರಣವೂ ಇತ್ತು. ಬೆಂಗಳೂರಿನಿಂದ ತಿಂಗಳಿಗೊಮ್ಮೆ ಬರುವ ಪಟ್ಟಿಯಲ್ಲಿ ಅತಿ ಹೆಚ್ಚು ತಪ್ಪು ವರದಿ ಕಳಿಸಿದ ಜಿಲ್ಲೆ ಎಂದು ಅವರ ಜಿಲ್ಲೆಯ ಹೆಸರು ತಲೆಯ ಮೇಲೆ ಕುಳಿತಿತ್ತು.

ಆ ಹತ್ತು ದಿನ ಶೀತಲ್‌ಗೆ ಅನ್ನ ಸೇರಲಿಲ್ಲ. ನೋಟೀಸಿನ ಚಿಂತೆ ಅರ್ಧ, ಭೀಮಶಾನ ಹಿಂಡಿನ ಚಿಂತೆ ಅರ್ಧಕ್ಕಿಂತ ಹೆಚ್ಚು. ಹಿಂಡು ಈಗ ನಾಲ್ಕನೆಯ ಹೊಲದಲ್ಲಿರಬೇಕು, ಐದನೆಯದರಲ್ಲಿರಬೇಕು ಎಂದು ಎಣಿಸುತ್ತಿದ್ದಳು. ಟಾಕಿ ಹತ್ತಿ ಜಲಾಲುದ್ದೀನರಿಗೆ ಮತ್ತೆ ಮತ್ತೆ ಫೋನು ಮಾಡಿದಳು, ಹೊಲಕ್ಕೆ ಹೋಗಿದ್ದಾರೆ ಎಂದಷ್ಟೇ ಉತ್ತರ ಬಂತು. ಬಾವಿಯೊಳಗೆ ಬಿದ್ದ ಕೊಡದಂತೆ ಎಲ್ಲರ ಮಾತೂ ಒಮ್ಮೆಲೇ ಮುಳುಗಿಹೋಗಿತ್ತು.

ವಿಚಾರಣೆಯ ದಿನ ಬಸವಕಲ್ಯಾಣದ ನಿಲ್ದಾಣದಲ್ಲಿ ಬಕ್ಕಪ್ಪನವರೂ ಬಂದು ನಿಂತಿದ್ದರು, ಬಗಲಲ್ಲಿ ಒಂದು ದಪ್ಪ ಕಡತ. ಯಂತ್ರದ ಉಸ್ತುವಾರಿ ಅವರದಾದ್ದರಿಂದ ಅವರನ್ನೂ ಕರೆದಿದ್ದರು. ಹುಮನಾಬಾದಿನಲ್ಲಿ ಬಸ್ಸು ಇಳಿಯುವ ಮೊದಲು ಮೆಲ್ಲಗೆ ಹೇಳಿದರು.

“ಮೇಡಂ, ನನ್ನ ಮಾತು ಕೇಳ್ರಿ. ಟೈಪಿಂಗ್ ಬರೋಬ್ಬರಿ ಬರಂಗಿಲ್ಲ, ಮತ್ತ ಮತ್ತ ತಪ್ಪಾತು ಅಂತ ಹೇಳಿಬಿಡ್ರಿ. ಮಾಫ್ ಮಾಡ್ತಾರ. ನೌಕರಿ ಇನ್ನ ಪಕ್ಕಾ ಆಗಿಲ್ಲ ನಿಮ್ಮದು.”

“ಹಂಗ ಅಂದ್ರ ಷರಾ ಮತ್ತ ತೆಗೀತಾರೇನ್ರಿ?”

“ಅದ್ಯಾಕ ತೆಗೀತಾರ್ರಿ.”

ಶೀತಲ್ ಚೀಲ ಹೆಗಲಿಗೇರಿಸಿ ಇಳಿದಳು. ಬಕ್ಕಪ್ಪನವರ ಸಲಹೆಯಲ್ಲಿ ಕಪಟವಿರಲಿಲ್ಲ, ಅವಳಿಗೂ ಗೊತ್ತಿತ್ತು. ಆ ಒಂದು ಸುಳ್ಳಿಗೆ ಕೆಲಸ ಉಳಿಯುತ್ತಿತ್ತು.

ಹುಮನಾಬಾದಿನ ಆಸ್ಪತ್ರೆಯ ಸಭಾಕೋಣೆಯಲ್ಲಿ ವೀರಭದ್ರ ಸಾಹೇಬರು ಮೇಜಿನ ತಲೆಗೆ ಕುಳಿತಿದ್ದರು. ಎತ್ತರದ ಆಳು, ಬಿಳಿ ಮೀಸೆ, ಕಡಿಮೆ ಮಾತು. ಎರಡೂ ತಾಲೂಕಿನ ವೈದ್ಯರು ಸುತ್ತ ಕುಳಿತಿದ್ದರು. ಜಲಾಲುದ್ದೀನರ ಕುರ್ಚಿ ಮಾತ್ರ ಖಾಲಿ ಇತ್ತು.

“ನಲವತ್ತೊಂದು ತಿದ್ದುಪಡಿ,” ಎಂದರು ಸಾಹೇಬರು. “ತಪ್ಪಿ ಆದವೇನಮ್ಮ?”

ಎಲ್ಲರೂ ಅವಳ ಕಡೆ ನೋಡಿದರು. ಬಕ್ಕಪ್ಪನವರು ಕಣ್ಣಲ್ಲೇ ಹೂಂ ಎನ್ನಿ ಎಂದು ಬೇಡುತ್ತಿದ್ದರು.

“ಇಲ್ರಿ ಸರ್. ಬೇಕಂತಲೇ ಮಾಡೀನ್ರಿ. ಅಂಕಿ ಒಂದೂ ಬದಲಿ ಮಾಡಿಲ್ಲ. ಷರಾದಾಗ ನಾವೆಲ್ಲ ಒಬ್ಬರಿಗೊಬ್ಬರು ಮಾತಾಡ್ತಿದ್ವಿ. ಬ್ಯಾರೆ ಪುಟ ಯಾವುದೂ ತೆರೆಯಂಗಿಲ್ಲ ಸರ್, ಅದಕ್ಕ ಇದ್ದ ಪುಟದಾಗೇ ಜಾಗ ಮಾಡಿಕೊಂಡ್ವಿ. ನೋಟೀಸು ನನಗ ಕೊಡ್ರಿ. ಷರಾ ಮಾತ್ರ ಮುಚ್ಚಬ್ಯಾಡ್ರಿ.”

“ಸರ್ಕಾರದ ವರದಿಯಲ್ಲಿ ಮಾತಾಡೋದು?”

“ಹೋದ ವರ್ಷ ನಾನು ಯಾರನ್ನೂ ಕೇಳದೇ ತೊಂಬತ್ತು ಕುರಿ ಕೊಂದೀನಿ ಸರ್.” ಅವಳು ನೋಟೀಸನ್ನು ಅವರ ಮುಂದಿಟ್ಟಳು. “ಅದಕ್ಕ ಯಾರೂ ನೋಟೀಸು ಕೊಡಲಿಲ್ಲ.”

ಅಷ್ಟರಲ್ಲಿ ಬಾಗಿಲು ತೆರೆಯಿತು. ಡಾಕ್ಟರ್ ಜಲಾಲುದ್ದೀನ್, ಪ್ಯಾಂಟಿನ ಮೊಣಕಾಲವರೆಗೆ ಕೆಸರು. ಅವರ ಹಿಂದೆ ಹೆಗಲಿಗೆ ಕಂಬಳಿ ಹಾಕಿಕೊಂಡ ಭೀಮಶಾ.

“ಮಾಫ್ ಮಾಡ್ರಿ ಸಾಹೇಬ್ರ, ಹನ್ನೊಂದನೇ ಹೊಲದಿಂದ ಬರಾಕತ್ತೀನಿ,” ಎಂದರು ಜಲಾಲುದ್ದೀನ್. ಆಮೇಲೆ ಶೀತಲ್ ಕಡೆ ತಿರುಗಿದರು. “ಬೇಟಿ, ಹನ್ನೊಂದೂ ಮುಗದಾವ. ದಾರಿ ಮ್ಯಾಲಿನ ಊರಾಗ ಒಂದು ಕುರಿಗೂ ಬೇನಿ ಇಲ್ಲ.”

ಶೀತಲ್ ಭೀಮಶಾನ ಮುಖ ನೋಡಿದಳು.

“ನಮ್ಮವು ಮೂರು ಹೋದ್ವು ಡಾಕ್ಟರ್ ಬಾಯಿ,” ಎಂದ ಆತ. “ಏಳ್ನೂರದಾಗ ಮೂರು. ಹೋದಲ್ಲೆಲ್ಲಾ ಒಬ್ಬೊಬ್ಬ ಡಾಕ್ಟರ್ ನನ್ನ ಹಾದಿ ಕಾಯಾಕತ್ತಿದ್ರು. ನಾ ಬರ್ತೀನಂತ ಅವರಿಗೆ ಹ್ಯಾಂಗ ಗೊತ್ತಾತೋ ಏನೋ.”

ಶೀತಲ್ ಕುರ್ಚಿಯಲ್ಲಿ ಕುಳಿತುಬಿಟ್ಟಳು. ಕಣ್ಣೀರು ತಾನಾಗಿ ಇಳಿಯಿತು, ಒರೆಸಿಕೊಳ್ಳಬೇಕೆಂದೂ ತೋರಲಿಲ್ಲ. ಅಷ್ಟು ಸಂತೋಷ ಅವಳಿಗೆ ನೌಕರಿಯ ಆದೇಶ ಬಂದ ದಿನವೂ ಆಗಿರಲಿಲ್ಲ.

ಸಾಹೇಬರು ನೋಟೀಸನ್ನು ಪಕ್ಕಕ್ಕೆ ಸರಿಸಿದರು. “ಆ ಷರಾಗಳು ಎಲ್ಲಿವೆ? ಪರದೆ ಮೇಲೆ ಕೊನೆಯದು ಮಾತ್ರ ಉಳಿಯುತ್ತೆ.”

ಬಕ್ಕಪ್ಪನವರು ಎದ್ದು ನಿಂತು ಕಡತವನ್ನು ಎರಡೂ ಕೈಯಿಂದ ಮೇಜಿನ ಮೇಲಿಟ್ಟರು. “ನಿಯಮ ಹನ್ನೆರಡರ ಪ್ರಕಾರ ಎಲ್ಲಾ ಮುದ್ರಿಸಿಟ್ಟೀನ್ರಿ ಸಾಹೇಬ್ರ. ಮುನ್ನೂರಾ ಎಂಟು ಪುಟ. ಒಂದೂ ಕಳದಿಲ್ಲ.”

ವೀರಭದ್ರ ಸಾಹೇಬರು ಓದತೊಡಗಿದರು. ಮೊದಲು ಪುಟಗಳನ್ನು ಬೇಗ ಬೇಗ ಹಾರಿಸಿದರು. ಆಮೇಲೆ ನಿಧಾನವಾದರು. ಚಹಾ ಬಂತು, ಆರಿತು, ಅವರು ಮುಟ್ಟಲಿಲ್ಲ. ಒಮ್ಮೆ ನಕ್ಕರು. ಒಮ್ಮೆ ಕನ್ನಡಕ ತೆಗೆದು ಒರೆಸಿದರು. ಆ ಮನುಷ್ಯ ಕುರ್ಚಿಗೆ ಬರುವ ಮೊದಲು ಹನ್ನೆರಡು ವರ್ಷ ಕುರಿ ಫಾರಂನಲ್ಲಿ ಕೆಲಸ ಮಾಡಿದ್ದವರು ಎಂಬುದು ಅಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ. ಇದ್ದಕ್ಕಿದ್ದಂತೆ ಅವರ ಹುಬ್ಬು ಗಂಟಿಕ್ಕಿತು.

“ಇದು ಯಾರು ಬರೆದದ್ದು? ಗಬ್ಬದ ಕುರಿಗೆ ತಾಮ್ರ ಕೊಡಿ ಅಂತ?”

“ನಾನ್ರಿ ಸಾಹೇಬ್ರ,” ಎಂದರು ಜಲಾಲುದ್ದೀನ್.

“ಅಳತೆ ಎಲ್ಲಿ? ಕುರಿಗೆ ತಾಮ್ರ ಸ್ವಲ್ಪ ಹೆಚ್ಚಾದರೂ ವಿಷ. ಇದನ್ನು ಓದಿ ಯಾರಾದರೂ ಕೈಗೆ ಬಂದಷ್ಟು ಕೊಟ್ಟರೆ?” ಎನ್ನುತ್ತಲೇ ಜೇಬಿನಿಂದ ಪೆನ್ನು ತೆಗೆದು, ಅದೇ ಪುಟದ ಅಂಚಿನಲ್ಲಿ ಅಳತೆ, ದಿನ, ಎಚ್ಚರಿಕೆ ಎಲ್ಲ ಸಣ್ಣಕ್ಷರದಲ್ಲಿ ಬರೆದು, ರೂಢಿಯಂತೆ ಕೆಳಗೆ ಸಹಿಯನ್ನೂ ಹಾಕಿದರು.

ಜಲಾಲುದ್ದೀನ್ ಕತ್ತು ಚಾಚಿ ನೋಡಿದರು. “ಸಾಹೇಬ್ರ, ನೀವೂ ಷರಾ ಬರದ್ರಿ,” ಎಂದರು.

ಸಾಹೇಬರ ಪೆನ್ನು ಕಾಗದದ ಮೇಲೆಯೇ ನಿಂತಿತು. ತಾನು ಬರೆದದ್ದನ್ನು ನೋಡಿದರು, ಸುತ್ತ ಕುಳಿತವರನ್ನು ನೋಡಿದರು. ಯಾರೂ ನಗಲು ಧೈರ್ಯ ಮಾಡಲಿಲ್ಲ. ಮೊದಲು ನಕ್ಕವರು ಅವರೇ, ಆಮೇಲೆ ಇಡೀ ಕೋಣೆ.

ನಗು ಮುಗಿದ ಮೇಲೆ ಮಾತು ಮತ್ತೆ ಗಂಭೀರವಾಯಿತು. “ನಿಯಮ ಮೀರಿದ್ದು ಮೀರಿದ್ದೇ. ಎಚ್ಚರಿಕೆ ಪತ್ರ ಕೊಡ್ತೀನಿ, ತೆಗೆದುಕೊಳ್ಳಬೇಕು,” ಎಂದರು ಶೀತಲ್‌ಗೆ. “ಷರಾ ಮಾತ್ರ ವರದಿಯಲ್ಲಿ ಬೇಡ, ಬೆಂಗಳೂರಿನವರು ಅದನ್ನು ತಪ್ಪು ಅಂತಲೇ ಎಣಿಸ್ತಾರೆ. ವೈದ್ಯರಿಗೆ ಅಂತಲೇ ಒಂದು ಪುಟ ಬೇರೆ ಮಾಡಿಸೋಣ. ಯಾವ ದಿನ ಬೇಕಾದರೂ ಬರೀರಿ, ಎಷ್ಟು ಅಕ್ಷರ ಬೇಕಾದರೂ ಬರೀರಿ. ಹ್ಯಾಗಿರಬೇಕು ಅಂತ ನೀವೇ ಬರೆದು ಕೊಡಿ.”

ಶೀತಲ್ ಅಲ್ಲಿಯೇ, ಅದೇ ಮೇಜಿನ ಮೇಲೆ, ಎರಡು ಹಾಳೆ ತುಂಬ ಬರೆದು ಕೊಟ್ಟಳು. ಕೇಳಿದ ಪ್ರಶ್ನೆ ಅಳಿಯಬಾರದು. ಉತ್ತರ ಪ್ರಶ್ನೆಯ ಕೆಳಗೇ ಇರಬೇಕು. ಕಿರಿಯರು ಹಿರಿಯರು ಎಂದು ಮೇಲೆ ಕೆಳಗೆ ಮಾಡಬಾರದು, ಬರೆದ ಹೊತ್ತಿನ ಕ್ರಮದಲ್ಲೇ ಇರಬೇಕು. ಹದಿನಾಲ್ಕು ಮಂದಿಯೂ ಒಂದೊಂದು ಮಾತು ಸೇರಿಸಿದರು. ಭೀಮಶಾನನ್ನೂ ಕೇಳಿದಾಗ ಆತ ಹಿಂಡಿನ ಹಾದಿ ಬರೆಯಲು ಜಾಗ ಇರಲಿ ಎಂದ. ಅದೂ ಸೇರಿತು.

ಎಚ್ಚರಿಕೆ ಪತ್ರ ಮುಂದಿನ ವಾರವೇ ಬಂತು. ಅಪ್ಪ ಸಂಜೀವಕುಮಾರರು ಸರ್ಕಾರದ ಮೊಹರು ಕಂಡದ್ದೇ ತಡ, ಒಳಗೆ ಏನಿದೆ ಎಂದು ಓದದೆ ಅಂಗಡಿಗೆ ಒಯ್ದು ಎರಡು ದಿನ ಗಿರಾಕಿಗಳಿಗೆಲ್ಲ ತೋರಿಸಿದರು. ಮಗಳು ದನದ ಡಾಕ್ಟರ್ ಎಂದು ಅವರು ಬಾಯಿಬಿಟ್ಟು ಹೇಳಿದ್ದು ಆಗಲೇ ಮೊದಲು. ಶೀತಲ್ ಅವರನ್ನು ತಡೆಯಲಿಲ್ಲ.

ಹೊಸ ಪುಟ ತೆರೆದದ್ದು ೨೦೦೭ರ ಜನವರಿಯಲ್ಲಿ, ಒಂದು ಸೋಮವಾರ. ಶೀತಲ್ ಕೊಹಿನೂರದಿಂದ ಬಂದಾಗ ಬಕ್ಕಪ್ಪನವರು ಯಂತ್ರ ಹಚ್ಚಿಟ್ಟುಕೊಂಡು ಕಾಯುತ್ತಿದ್ದರು. ಮೊದಲ ಬರಹ ಯಾರದಿರಬಹುದು ಎಂದು ಅವಳು ಬಸ್ಸಿನಲ್ಲೇ ಲೆಕ್ಕ ಹಾಕಿದ್ದಳು. ಜಲಾಲುದ್ದೀನರದು ಎಂದುಕೊಂಡಿದ್ದಳು. ಅಲ್ಲ, ವೀರಭದ್ರ ಸಾಹೇಬರದು. ಉದ್ಘಾಟನೆಯ ಭಾಷಣವಿರಬೇಕೆಂದು ಓದತೊಡಗಿದಳು.

‘ನಮ್ಮ ಮನೆಯ ಎಮ್ಮೆ ಐದು ದಿನದಿಂದ ಮೇವು ಬಿಟ್ಟಿದೆ. ಹಾಲು ಬತ್ತಿದೆ. ಸಣ್ಣ ಜ್ವರ. ನಾನೇ ಔಷಧ ಕೊಟ್ಟೆ, ಗುಣವಿಲ್ಲ. ಇಪ್ಪತ್ತಾರು ವರ್ಷದಿಂದ ವೈದ್ಯನಾಗಿದ್ದೇನೆ. ನನಗೆ ಇದೇನೆಂದು ಗೊತ್ತಾಗುತ್ತಿಲ್ಲ. ತಿಳಿದವರು ದಯವಿಟ್ಟು ಬರೆಯಿರಿ.’

ಬಕ್ಕಪ್ಪನವರು ಹಿಂದಿನಿಂದ ಓದಿ ಗಾಬರಿಯಾದರು. “ಸಾಹೇಬ್ರು ಗೊತ್ತಿಲ್ಲ ಅಂತ ಬರದಾರಲ್ರಿ. ಬರವಣಿಗಿಯಾಗ.”

ಶೀತಲ್‌ಗೆ ಗೊತ್ತಿತ್ತು. ಕೊಹಿನೂರದಲ್ಲಿ ಆ ವರ್ಷ ಜೋಳದ ಒಣದಂಟಿನ, ಕಣಿಕೆಯ, ಕಟ್ಟುಗಳನ್ನು ಹಗ್ಗದ ಬದಲು ತೆಳು ತಂತಿಯಿಂದ ಕಟ್ಟುವ ಹೊಸ ಚಾಳಿ ಶುರುವಾಗಿ, ಅಂಥ ಮೂರು ಎಮ್ಮೆಗಳನ್ನು ಅವಳು ನೋಡಿದ್ದಳು. ಬರೆದಳು: ‘ಸರ್, ಬೆನ್ನಿನ ಮುಂಭಾಗ ಹಿಂಡಿದರೆ ನರಳುತ್ತದೆಯೇ? ಇಳಿಜಾರು ಇಳಿಯಲು ಹಿಂಜರಿಯುತ್ತದೆಯೇ? ಹಾಗಿದ್ದರೆ ತಂತಿ ನುಂಗಿರಬಹುದು. ತಡ ಮಾಡಬೇಡಿ.’

“ಸಾಹೇಬ್ರಿಗೆ ತಡ ಮಾಡಬ್ಯಾಡ್ರಿ ಅಂತ ಬರೀಬಹುದೇನ್ರಿ?”

“ಕೇಳ್ಯಾರಲ್ರಿ,” ಎಂದು ಶೀತಲ್ ಕಳಿಸಿದಳು.

ಮರುದಿನ ಒಂದೇ ಸಾಲು ಬಂತು: ‘ಹಿಂಡಿದೆ, ನರಳಿತು.’ ಗುರುವಾರ ಮೂರು ಸಾಲು: ‘ಹೊಟ್ಟೆ ಕೊಯ್ದು ಎರಡು ಇಂಚಿನ ತಂತಿ ತೆಗೆದೆವು. ಇಂದು ಬೆಳಿಗ್ಗೆ ಹಸಿಹುಲ್ಲು ತಿಂದಿದೆ. ಕೊಹಿನೂರದ ವೈದ್ಯರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.’

ಅದರ ಕೆಳಗೆ ಆ ದಿನವೇ ಬೇರೆ ಬೇರೆ ಊರಿನಿಂದ ಬರಹಗಳು ಇಳಿಯತೊಡಗಿದ್ದವು. ಅದುವರೆಗೆ ಒಂದಕ್ಷರವನ್ನೂ ಬರೆಯದೆ ಬರೀ ನಿರಂಕ ಹಾಕುತ್ತಿದ್ದವರು, ಹಿರಿಯರು, ಮೂಗಿನ ತುದಿಯಲ್ಲಿ ಸಿಟ್ಟು ಇಟ್ಟುಕೊಂಡು ತಿರುಗುತ್ತಿದ್ದವರು, ಎಲ್ಲರೂ ತಮಗೆ ಗೊತ್ತಿಲ್ಲದ್ದನ್ನು ಬರೆದಿದ್ದರು. ಹತ್ತೊಂಬತ್ತು ಮಂದಿ. ಕೆಲವರ ಪ್ರಶ್ನೆ ಹತ್ತು ವರ್ಷ ಹಳೆಯದು, ಸತ್ತುಹೋದ ದನದ್ದು, ಇಷ್ಟು ದಿನ ಕೇಳಲು ಯಾರೂ ಇಲ್ಲದೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದದ್ದು. ಶೀತಲ್ ಓದುತ್ತಾ ಹೋದಳು, ಗೊತ್ತಿದ್ದದ್ದಕ್ಕೆ ಉತ್ತರ ಬರೆಯುತ್ತಾ ಹೋದಳು. ಕಚೇರಿ ಮುಚ್ಚುವ ಹೊತ್ತು ಮೀರಿದ್ದು ಅವಳ ಗಮನಕ್ಕೆ ಬಂದು ಎದ್ದೇಳಲು ಹೋದಳು.

ಬಕ್ಕಪ್ಪನವರು ಇನ್ನೊಂದು ಕುರ್ಚಿ ಎಳೆದುಕೊಂಡು ಬಂದು ಅವಳ ಪಕ್ಕದಲ್ಲಿ ಕುಳಿತರು.

“ಕುಂದರ್ರಿ ಮೇಡಂ,” ಎಂದರು. “ಮುಂದಿಂದು ಓದ್ರಿ.”